ಮಗು ಹೇಳಿದ್ದನ್ನೆಲ್ಲ ನಂಬುತ್ತದೆಯೇ?

ಪ್ರಶ್ನೆ: ನಾಲ್ಕು ವರ್ಷದ ಮಗಳು ಯಾರು ಏನು ಹೇಳಿದರೂ ನಂಬಿಬಿಡುತ್ತಾಳೆ. ಯಾರನ್ನು ನಂಬಬೇಕೆಂದು ಕಲಿಸುವುದು ಹೇಗೆ?

ಇದಕ್ಕೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕವಿಡುವುದನ್ನೇ ಬಿಟ್ಟಿದ್ದೇನೆ. ಮಗು ಹಸಿಮಣ್ಣಿನ ಮುದ್ದೆ, ಒತ್ತಿದ್ದೆಲ್ಲ ಅಚ್ಚಾಗುತ್ತದೆ ಎಂಬ ಮಾತು ಎಷ್ಟು ತೊಳೆದರೂ ಹೋಗದ ಕಲೆ.

1985ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡಿ. ಒಂದು ವರ್ಷದ ಕೂಸುಗಳು ಗಾಜು ಹಾಸಿದ ಮೇಜಿನ ಮೇಲೆ ಅಂಬೆಗಾಲಿಡುತ್ತ ಬರುತ್ತವೆ. ನಡುವೆ ಗಾಜಿನಡಿ ತಗ್ಗು ಕಾಣುತ್ತದೆ, ಆಚೆ ತುದಿಯಲ್ಲಿ ತಾಯಿ. ತಾಯಿ ನಗುಮುಖ ತೋರಿದಾಗ 19ರಲ್ಲಿ 14 ಮಕ್ಕಳು ದಾಟಿದವು. ಹೆದರಿದ ಮುಖ ಕಂಡಾಗ 17ರಲ್ಲಿ ಒಂದೂ ದಾಟಲಿಲ್ಲ. ‘ನೋಡಿ, ಅಮ್ಮ ಹೇಳಿದ್ದೇ ವೇದವಾಕ್ಯ’ ಎನ್ನುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ತಗ್ಗೇ ಇಲ್ಲದಾಗ ಹೆಚ್ಚಿನ ಕೂಸುಗಳು ಅಮ್ಮನ ಮುಖ ನೋಡುವ ಗೊಡವೆಗೇ ಹೋಗಲಿಲ್ಲ. ನೋಡಿದ ಕೆಲವು ಅವಳ ಹೆದರಿಕೆ ಕಂಡು ತುಸು ಅಳುಕಿದವು, ಆಮೇಲೆ ದಾಟಿಯೇ ಬಿಟ್ಟವು. ಅನುಮಾನ ಬಂದಾಗ ಮಾತ್ರ ಸಲಹೆ!

ಮೂರು, ನಾಲ್ಕರ ವಯಸ್ಸಿಗೆ ಲೆಕ್ಕಪತ್ರವೇ ಶುರು. ಒಬ್ಬರು ಚೆಂಡನ್ನು ಚೆಂಡು ಎನ್ನುತ್ತಾರೆ, ಇನ್ನೊಬ್ಬರು ಬೂಟು ಎನ್ನುತ್ತಾರೆ. ಆಮೇಲೆ ಹೆಸರೇ ಗೊತ್ತಿಲ್ಲದ ವಸ್ತು ಕೊಟ್ಟರೆ ಮಕ್ಕಳು ಸಾಮಾನ್ಯವಾಗಿ ಮೊದಲನೆಯವರನ್ನೇ ಕೇಳುತ್ತಾರೆ. ಮೂರರ ಮಗು ಎದುರಿಗಿದ್ದವರ ಬಾಯಿಮಾತಿಗೆ ಸುಲಭವಾಗಿ ಸೋಲುತ್ತದೆ, ನಿಜ. ಆದರೆ ಅದು ಮುದ್ದೆಯಲ್ಲ.

ಹಾಗಾಗಿ ಮಗಳಿಗೆ ಪಾಠ ಮಾಡುವ ಮೊದಲು ನಿಮ್ಮ ಖಾತೆ ನೋಡಿಕೊಳ್ಳಿ. ‘ಸೂಜಿ ನೋಯುವುದೇ ಇಲ್ಲ’ ಎಂದು ಹೇಳಿ ಎಷ್ಟು ದಿನವಾಯಿತು?

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಇದೇ ವಯಸ್ಸಿನ ಮಕ್ಕಳ ದೂರು ಹೇಳುವ ಚಟಕ್ಕೆ ದೊಡ್ಡವರು ‘ಚಾಡಿ’ ಎಂದು ಹೆಸರಿಟ್ಟು ಬಾಯಿ ಮುಚ್ಚಿಸುತ್ತಾರೆ. 2008ರ ಇನ್ನೊಂದು ಪ್ರಯೋಗದಲ್ಲಿ ಮಕ್ಕಳಿಗೆ ಹೊಸ ಆಟವೊಂದನ್ನು ಆಡಿ ತೋರಿಸಿದರು. ಬಳಿಕ ಕೈಗೊಂಬೆಯೊಂದು ಬಂದು ಅದೇ ಆಟವನ್ನು ತಪ್ಪಾಗಿ ಆಡಿತು. ಮೂರು ವರ್ಷದವರು ಸುಮ್ಮನಿರಲಿಲ್ಲ. ‘ಹಾಗಲ್ಲ, ಹೀಗೆ!’ ಎಂದು ಗೊಂಬೆಯನ್ನೇ ತಿದ್ದಲು ಹೊರಟರು. ಗೊಂಬೆ ತಪ್ಪಾಡಿದ್ದರಿಂದ ಅವರಿಗೆ ಮೂರು ಕಾಸಿನ ನಷ್ಟವೂ ಇರಲಿಲ್ಲ. ಅಣ್ಣ ಚಪ್ಪಲಿ ಹಾಕಿಕೊಂಡು ಒಳಗೆ ಬಂದನೆಂದು ನಿಮ್ಮ ಮಗಳು ಓಡಿ ಬಂದು ಹೇಳುವುದೂ ಬಹುಮಟ್ಟಿಗೆ ಇದೇ ಕೆಲಸ.