ಹಸಿರು ಖಾನೆಯ 64 ಪರ್ಸೆಂಟ್

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಒಬ್ಬ ಹುಡುಗನ ತಂದೆ ಲ್ಯಾಪ್‌ಟಾಪ್ ತಿರುಗಿಸಿ ನನ್ನ ಮುಂದಿಟ್ಟರು. ಎಕ್ಸೆಲ್ ಶೀಟು. ಎಡಗಡೆ ಅಮೆರಿಕದ 20 ಕಾಲೇಜುಗಳ ಹೆಸರು, ಪಕ್ಕದಲ್ಲಿ ನೂರು ಅರ್ಜಿಗೆ ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ ಅನ್ನುವ ಅಂಕಿ. ಎಲ್ಲವೂ 5ರ ಆಸುಪಾಸು. ಕೆಳಗಿನ ಕೊನೇ ಖಾನೆಗೆ ಹಸಿರು ಬಣ್ಣ ಹಾಕಿ 64 ಅಂತ ಬರೆದಿತ್ತು.

“ಒಂದಾದ್ರೂ ಸಿಗೋ ಚಾನ್ಸ್ ಮೇಡಂ. ಲೆಕ್ಕ ಸರಿ ಇದೆ ಅಲ್ವಾ?”

ಲೆಕ್ಕ ಸರಿಯೇ ಇತ್ತು. ಒಂದು ಕಾಲೇಜು ಬೇಡ ಅನ್ನುವ ಸಾಧ್ಯತೆ 95 ಪರ್ಸೆಂಟ್. ಇಪ್ಪತ್ತೂ ಬೇಡ ಅನ್ನುವುದು 0.95ನ್ನು 20 ಸಲ ಗುಣಿಸಿದಷ್ಟು, ಅಂದರೆ ಸುಮಾರು 36 ಪರ್ಸೆಂಟ್. ಉಳಿದದ್ದು 64. ಕಾಮನ್ ಆ್ಯಪ್, ಅಂದರೆ ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ವೆಬ್‌ಸೈಟಿನಲ್ಲಿ, ಒಬ್ಬರು 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಇವರು ಒಂದನ್ನೂ ಬಿಟ್ಟಿರಲಿಲ್ಲ. ಮಗ ಪಕ್ಕದ ಕುರ್ಚಿಯಲ್ಲಿ ಬ್ಯಾಗನ್ನು ಹೆಗಲಿಂದ ಇಳಿಸದೆ ಕೂತಿದ್ದ.

ಗುಣಾಕಾರ ಸರಿ ಇದ್ದರೂ ಶೀಟು ಸರಿ ಇರಲಿಲ್ಲ. ದಾಳ 20 ಸಲ ಹಾಕಿದರೆ ಪ್ರತಿ ಸಲವೂ ಹೊಸ ಆಟ. ಅರ್ಜಿ ಹಾಗಲ್ಲ. 20 ಕಡೆಗೂ ಹೋಗುವುದು ಅದೇ ಮಾರ್ಕ್ಸ್ ಕಾರ್ಡು, ಅದೇ 650 ಪದದ ಪ್ರಬಂಧ, ಅದೇ ಇಬ್ಬರು ಟೀಚರ್‌ಗಳ ಪತ್ರ. ಪ್ರಬಂಧ ಸಪ್ಪೆಯಾಗಿದ್ದರೆ 20 ಕಡೆಯೂ ಸಪ್ಪೆಯೇ. ಅದಕ್ಕೇ ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂದಾಗ ಒಬ್ಬಳಿಗೆ ನಾಲ್ಕು ದೊಡ್ಡ ಕಾಲೇಜುಗಳು ಬಾ ಅನ್ನುತ್ತವೆ. ಅವಳಷ್ಟೇ ಮಾರ್ಕ್ಸ್ ತೆಗೆದ ಇನ್ನೊಬ್ಬಳಿಗೆ ಹದಿನಾಲ್ಕು ಕಡೆಯಿಂದಲೂ ‘ಇಲ್ಲ’ ಬರುತ್ತದೆ. ಅರ್ಜಿಗಳ ಸಂಖ್ಯೆ ಜಾಸ್ತಿ ಮಾಡಿದರೆ ಸ್ವಲ್ಪ ಉಪಯೋಗ ಇದೆ. ಆದರೆ ಆ ಹಸಿರು ಖಾನೆ ಹೇಳುವಷ್ಟು ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಆ 5 ಅನ್ನುವ ಅಂಕಿಯದ್ದೇ. ರ‍್ಯಾಂಕು, ಕಟ್‌ಆಫ್ ನೋಡಿ ಬೆಳೆದವರು ನಾವು. ಇಷ್ಟು ರ‍್ಯಾಂಕು ಬಂದರೆ ಈ ಕಾಲೇಜು ಅಂತ ಹಿಂದಿನ ವರ್ಷದ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಕಾಲೇಜು ಒಂದು ಅಂಕಿ ಪ್ರಕಟಿಸಿದರೆ ಅದು ಎಲ್ಲರಿಗೂ ಒಂದೇ ಅಂದುಕೊಳ್ಳುತ್ತೇವೆ. ಅಮೆರಿಕದ ಕಾಲೇಜುಗಳಲ್ಲಿ ಬಾಗಿಲು ಒಂದೇ ಆದರೂ ಒಳಗೆ ಸಾಲುಗಳು ಬೇರೆ ಬೇರೆ. ನಿಮ್ಮ ಮಗು ಯಾವ ಸಾಲಿನಲ್ಲಿ ನಿಂತಿದೆ ಅಂತ ಗೊತ್ತಾಗದೆ ಚಾನ್ಸಿನ ಮಾತಾಡುವುದು ಸುಮ್ನೆ.

ಈ ಸಾಲುಗಳ ವಿವರ ಚೆನ್ನಾಗಿ ಹೊರಬಿದ್ದದ್ದು ಕೋರ್ಟಿನಲ್ಲಿ. ‘ಸ್ಟೂಡೆಂಟ್ಸ್ ಫಾರ್ ಫೇರ್ ಅಡ್ಮಿಷನ್ಸ್’ ಅನ್ನುವ ಸಂಸ್ಥೆ 2014ರಲ್ಲಿ ಹಾರ್ವರ್ಡ್ ಮೇಲೆ ಕೇಸು ಹಾಕಿತು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸೀಟು ಕೊಡುವಾಗ ಜನಾಂಗ ನೋಡುವ ಪದ್ಧತಿಯನ್ನು ತಳ್ಳಿಹಾಕಿತು. ತೀರ್ಪು ದೊಡ್ಡ ಸುದ್ದಿಯಾಯಿತು. ನಮ್ಮ ಕೆಲಸದವರಿಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ವಿಚಾರಣೆಯ ಕಾಗದಪತ್ರಗಳು. ಒಳ್ಳೆಯ ಆಟಗಾರರು ಅಂತ ಕೋಚ್‌ಗಳೇ ಕರೆಸಿಕೊಂಡವರು, ಅಲ್ಲೇ ಓದಿದವರ ಮಕ್ಕಳು, ಡೀನ್ ಗಮನಕ್ಕೆ ಬಂದ ವಿಶೇಷ ಪಟ್ಟಿಯವರು, ಅಧ್ಯಾಪಕರ ಮತ್ತು ಸಿಬ್ಬಂದಿಯ ಮಕ್ಕಳು. ಈ ನಾಲ್ಕೂ ಗುಂಪು ಸೇರಿ ಅರ್ಜಿದಾರರಲ್ಲಿ ಸುಮಾರು 5 ಪರ್ಸೆಂಟ್. ಆಯ್ಕೆಯಾದವರಲ್ಲಿ ಸುಮಾರು 30 ಪರ್ಸೆಂಟ್.

ಈಗ ಪೆನ್ಸಿಲ್ ತೆಗೆದುಕೊಳ್ಳಿ. 2024ರಲ್ಲಿ ಹಾರ್ವರ್ಡ್‌ಗೆ 54,008 ಅರ್ಜಿ ಬಂದಿದ್ದವು, ಸೀಟು ಸಿಕ್ಕಿದ್ದು 1,937 ಮಂದಿಗೆ. ಹೆಚ್ಚು ಕಡಿಮೆ 3.6 ಪರ್ಸೆಂಟ್. ಕೋರ್ಟಿನಲ್ಲಿ ಬಂದ ಪ್ರಮಾಣವೇ ಈಗಲೂ ಇದೆ ಅಂದುಕೊಂಡರೆ, ಉಳಿದ 95 ಪರ್ಸೆಂಟ್ ಜನಕ್ಕೆ 70 ಪರ್ಸೆಂಟ್ ಸೀಟು. ಅವರ ಪಾಲಿಗೆ 3.6 ಅನ್ನುವುದು 2.7ರ ಹತ್ತಿರಕ್ಕೆ ಇಳಿಯುತ್ತದೆ. ಕಾಲೇಜು ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಇಡೀ ಜಾತ್ರೆಯ ಸರಾಸರಿ.

ಹೊರದೇಶದ ವಿದ್ಯಾರ್ಥಿಯಾದರೆ ಸಾಲು ಇನ್ನೂ ಉದ್ದ. ಎಂಐಟಿ, ಅಂದರೆ ಮಣಿಪಾಲದ್ದಲ್ಲ, ಮೆಸಾಚುಸೆಟ್ಸ್‌ನದ್ದು, 2024ರಲ್ಲಿ 28,232 ಅರ್ಜಿಗಳಿಂದ 1,275 ಮಂದಿಯನ್ನು ಆರಿಸಿತು. 4.5 ಪರ್ಸೆಂಟ್. ಹೊರದೇಶದವರಿಗೆ ಅಲ್ಲಿ ಸಿಗುವುದು ಇದರ ಅರ್ಧದ ಆಸುಪಾಸು. ಅಪ್ಪ ಅಮ್ಮ ಅಮೆರಿಕದಲ್ಲೇ ಇದ್ದು ಮಗುವಿಗೆ ಅಲ್ಲಿನ ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ ಅದು ಬೇರೆ ಸಾಲು. ನನ್ನ ಹತ್ತಿರ ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಮಾರ್ಕ್ಸ್ ಅಲ್ಲ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ.

ಎರಡನೇ ಪ್ರಶ್ನೆ ದುಡ್ಡು. ಈ ಪ್ರಶ್ನೆ ಬಂದಾಗ ತಂದೆ ತಾಯಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಫೀಸಿಗೆ ಸಹಾಯ ಕೇಳಿದ್ದಾರೋ ಇಲ್ಲವೋ ನೋಡದೆ ಆರಿಸುವ ಕಾಲೇಜುಗಳಿವೆ. ಆದರೆ ಹೊರದೇಶದವರಿಗೂ ಆ ನಿಯಮ ಇರುವ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮೊದಲಿಂದ ಇದ್ದವು. 2022ರಲ್ಲಿ ಡಾರ್ಟ್‌ಮತ್ ಸೇರಿತು, ಆಮೇಲೆ ಬ್ರೌನ್ ಥರದ ಇನ್ನೂ ಕೆಲವು ಬಂದವು. ಸ್ಟ್ಯಾನ್‌ಫರ್ಡ್‌ನಲ್ಲಿ ಹೊರದೇಶದ ವಿದ್ಯಾರ್ಥಿ ಸಹಾಯ ಕೇಳಿದ್ದಾನೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಒಂದೇ ಮಾರ್ಕ್ಸ್, ಒಂದೇ ಪ್ರಬಂಧ ಇದ್ದರೂ ಪೂರ್ತಿ ಫೀಸು ಕಟ್ಟುವವನ ಚಾನ್ಸ್ ಒಂದು, ಕಟ್ಟಲಾಗದವನದ್ದು ಇನ್ನೊಂದು. ಇದನ್ನು ಹೇಳಲು ನನಗೆ ಇಷ್ಟವಿಲ್ಲ. ಆದರೆ ಮುಚ್ಚಿಟ್ಟು ಅರ್ಜಿ ಹಾಕಿಸುವುದಕ್ಕಿಂತ ವಾಸಿ.

ಮಾರ್ಕ್ಸ್ ವಿಷಯಕ್ಕೆ ಬರೋಣ. ಎಲ್ಲರೂ ಜಾಸ್ತಿ ಹೊತ್ತು ಮಾತಾಡುವುದು ಇದನ್ನೇ. ನಾನು ಬೇಗ ಮುಗಿಸುವುದೂ ಇದನ್ನೇ. ಅದೇ ಹಾರ್ವರ್ಡ್ ಕೇಸಿನಲ್ಲಿ 2015ರಲ್ಲಿ ಸೇರಲು ಅರ್ಜಿ ಹಾಕಿದವರ ಲೆಕ್ಕ ಬಂತು. ಅಮೆರಿಕದೊಳಗಿನ ಸುಮಾರು 26,000 ಅರ್ಜಿದಾರರಲ್ಲಿ ಸ್ಯಾಟ್ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಪೂರ್ತಿ ಅಂಕ ತೆಗೆದವರು ಸುಮಾರು 3,400. ಭಾಷೆಯ ಭಾಗದಲ್ಲಿ ಪೂರ್ತಿ ತೆಗೆದವರು 2,700. ಹೈಸ್ಕೂಲ್ ಗ್ರೇಡು ಒಂದೂ ಕುಂದಿಲ್ಲದವರು 8,000ಕ್ಕಿಂತ ಜಾಸ್ತಿ. ಇಷ್ಟೆಲ್ಲ ಆದ ಮೇಲೆ ಒಂದು ತರಗತಿಗೆ ಇರುವ ಜಾಗ ಎರಡು ಸಾವಿರವೂ ಇಲ್ಲ. ಮಾರ್ಕ್ಸ್ ಹೊಸಿಲು ದಾಟಿಸುತ್ತದೆ, ಅಷ್ಟೇ. ಸ್ಯಾಟ್‌ನಲ್ಲಿ 1600ಕ್ಕೆ 1540 ಬಂದವನನ್ನು 1570 ತೆಗೆಯಲಿ ಅಂತ ಮೂರನೇ ಸಲ ಪರೀಕ್ಷೆಗೆ ಕೂರಿಸುವ ತಾಯಂದಿರ ಜೊತೆ ನಾನು ಪ್ರತಿ ವರ್ಷ ಜಗಳ ಆಡುತ್ತೇನೆ. ಅರ್ಧ ಸಲ ಸೋಲುತ್ತೇನೆ.

ಇಲ್ಲಿ ಒಂದು ಕಡತದ ಪರಿಚಯ ಮಾಡಿಕೊಡಬೇಕು. ‘ಕಾಮನ್ ಡೇಟಾ ಸೆಟ್’ ಅಂತ ಅದರ ಹೆಸರು. ಅಮೆರಿಕದ ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ, ಪುಕ್ಕಟೆ. ದುಡ್ಡು ತೆಗೆದುಕೊಂಡು ಚಾನ್ಸ್ ಹೇಳುವ ಯಾವ ಕ್ಯಾಲ್ಕುಲೇಟರಿಗಿಂತಲೂ ನನಗೆ ಇದರ ಮೇಲೆ ನಂಬಿಕೆ. ಅದರಲ್ಲಿ ಸಿ9 ಅನ್ನುವ ಕಡೆ ಸೇರಿದವರ ಸ್ಯಾಟ್ ಅಂಕ ಇರುತ್ತದೆ. 1500ರಿಂದ 1560 ಅಂತ ಇದ್ದರೆ 1500 ಅನ್ನುವುದು ಕಟ್‌ಆಫ್ ಅಲ್ಲ. ಕಾಲು ಭಾಗ ಜನ ಅದಕ್ಕಿಂತ ಕೆಳಗಿದ್ದಾರೆ, ಕಾಲು ಭಾಗ ಜನ 1560ಕ್ಕಿಂತ ಮೇಲಿದ್ದಾರೆ ಅಂತ ಅರ್ಥ. ಕೆಳಗಿನ ಕಾಲು ಭಾಗ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಆಗಲೇ ಹೇಳಿದ ವಿಶೇಷ ಸಾಲಿನವರು ಅಲ್ಲೂ ಇರುತ್ತಾರೆ. ಸ್ಯಾಟ್ ಕಡ್ಡಾಯ ಇಲ್ಲದ ಕಡೆ ಅಂಕ ಚೆನ್ನಾಗಿ ಬಂದವರು ಮಾತ್ರ ಕಳಿಸುತ್ತಾರೆ, ಹಾಗಾಗಿ ಈ ಅಂಕಿಗಳು ತಾವಾಗಿಯೇ ಮೇಲೇರುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಆರಿಸುವಾಗ ಸ್ಯಾಟ್ ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಬೇಕು ಅಂದವು.

ಅದೇ ಕಡತದ ಸಿ7 ಇನ್ನೂ ರುಚಿ. ಗ್ರೇಡು, ಪ್ರಬಂಧ, ಶಿಫಾರಸು, ಹಳೇ ವಿದ್ಯಾರ್ಥಿಯ ಸಂಬಂಧ, ಯಾವ ರಾಜ್ಯದವರು, ಕಾಲೇಜಿನ ಬಗ್ಗೆ ಎಷ್ಟು ಆಸಕ್ತಿ ತೋರಿಸಿದ್ದಾರೆ, ಹೀಗೆ ಒಂದೊಂದಕ್ಕೂ ‘ತುಂಬಾ ಮುಖ್ಯ’ದಿಂದ ‘ನೋಡುವುದಿಲ್ಲ’ದವರೆಗೆ ಕಾಲೇಜೇ ಗುರುತು ಹಾಕಿರುತ್ತದೆ. ಇದನ್ನು ನೋಡದೆ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಒಬ್ಬ ಹುಡುಗನಿಗೆ ಒಂದು ಕಾಲೇಜಿನ ಮುಂದೆ ‘ಸಿಗುತ್ತೆ’ ಅಂತ ಬರೆದುಕೊಟ್ಟಿದ್ದೆ. ಅವನ ಅಂಕ ಅಲ್ಲಿನ ಸಿ9ರ ಅಂಕಗಳಿಗಿಂತ ಮೇಲಿತ್ತು. ವೇಟ್‌ಲಿಸ್ಟ್‌ಗೆ ಹಾಕಿದರು. ಆಮೇಲೆ ಸಿ7 ತೆಗೆದು ನೋಡಿದರೆ ಆಸಕ್ತಿ ಮುಖ್ಯ ಅಂತ ಗುರುತಿದೆ. ಇವನು ಅವರ ಒಂದು ಆನ್‌ಲೈನ್ ಸಭೆಗೂ ಕೂತಿರಲಿಲ್ಲ, ಒಂದು ಮೇಲ್ ಕೂಡ ಮಾಡಿರಲಿಲ್ಲ. ಇಷ್ಟು ಅಂಕ ಇರುವವನು ನಮ್ಮಲ್ಲಿಗೆ ಬರುವುದಿಲ್ಲ ಅಂತ ಅವರು ಅಂದುಕೊಂಡಿರಬೇಕು. ಹುಡುಗನ ತಾಯಿ ನನ್ನನ್ನು ಏನೂ ಅನ್ನಲಿಲ್ಲ, ಅದು ಇನ್ನೂ ಚುಚ್ಚಿತು.

ಅಂಕಿ ಮುಗಿದ ಮೇಲೆ ಉಳಿಯುವುದೇ ಓದುವವರ ಮನಸ್ಸಿಗೆ ತಾಗುವ ಭಾಗ. ಕಾಮನ್ ಆ್ಯಪ್‌ನಲ್ಲಿ ತರಗತಿಯ ಹೊರಗೆ ಮಾಡಿದ ಕೆಲಸಕ್ಕೆ 10 ಸಾಲು. ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಒಬ್ಬ ಹುಡುಗಿ ಮೊದಲ ಸಾಲಿನಲ್ಲಿ ‘ಸಮಾಜಸೇವೆಯಲ್ಲಿ ಸಕ್ರಿಯ, ನಾಯಕತ್ವದ ಗುಣ ಬೆಳೆಸಿಕೊಂಡೆ’ ಅಂತ ಬರೆದು ತಂದಳು. ಶನಿವಾರ ಏನ್ಮಾಡ್ತೀಯಾ ಅಂತ ಕೇಳಿದೆ. “ಏನಿಲ್ಲ ಮೇಡಂ, ತಾತನ ಅಂಗಡಿಗೆ ಹೋಗ್ತೀನಿ.” ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಹಳೇ ಮಿಷನ್‌ಗಳ ಬಿಡಿಭಾಗ ಈಗ ಸಿಗುವುದಿಲ್ಲ. ಇವಳು ಸವೆದ ಭಾಗಗಳನ್ನು ಅಳೆದು ಚಿತ್ರ ಬರೆಯುತ್ತಾಳೆ, ಲೇತ್‌ನವರ ಹತ್ತಿರ ಹೊಸದು ಮಾಡಿಸುತ್ತಾಳೆ. ನೋಟ್‌ಬುಕ್ ತಾ ಅಂದೆ. ಎರಡು ವರ್ಷದ ಚಿತ್ರಗಳು, ಮೂಲೆಯಲ್ಲಿ ಎಣ್ಣೆ ಕಲೆ. ಎಷ್ಟು ಭಾಗ, ಎಷ್ಟು ಮಿಷನ್ ಮತ್ತೆ ಓಡಿತು, ಇಷ್ಟನ್ನೇ 150 ಅಕ್ಷರಕ್ಕೆ ಇಳಿಸಿದೆವು. ಸಮಾಜಸೇವೆ ಹತ್ತನೇ ಸಾಲಿಗೆ ಹೋಯಿತು. ಅಷ್ಟಾದ ಮೇಲೆ, ನಾಲ್ವರಲ್ಲಿ ಒಬ್ಬರನ್ನು ತೆಗೆದುಕೊಳ್ಳುವ ಎರಡು ಎಂಜಿನಿಯರಿಂಗ್ ಕಾಲೇಜುಗಳ ಮುಂದೆ ನಾನು ಬರೆದಿದ್ದ ‘ಕಷ್ಟ’ವನ್ನು ಹೊಡೆದು ‘ನೋಡಬಹುದು’ ಅಂತ ಬರೆದೆ. 5 ಪರ್ಸೆಂಟಿನ ಕಾಲೇಜಿನ ಮುಂದೆ ‘ಕಷ್ಟ’ ಹಾಗೇ ಇತ್ತು. ಅಲ್ಲಿ ಯಾರಿಗೂ ನಾನು ಅದನ್ನು ಹೊಡೆಯುವುದಿಲ್ಲ.

ನನ್ನ ಹತ್ತಿರ ಇರುವುದು ಇವೇ ಮೂರು ಮಾತು. ಕಷ್ಟ, ನೋಡಬಹುದು, ಸಿಗುತ್ತೆ. ಪರ್ಸೆಂಟ್ ಬರೆದುಕೊಟ್ಟರೆ ಜನರಿಗೆ ಖುಷಿ, ಆದರೆ 7 ಮತ್ತು 9ರ ನಡುವಿನ ವ್ಯತ್ಯಾಸ ನನಗೆ ಕಾಣುವಷ್ಟು ಚೂಪಾದ ಕಣ್ಣಿಲ್ಲ.

ಯಾವ ವಿಷಯ ಓದುತ್ತಾರೆ ಅನ್ನುವುದೂ ಸಾಲು ಬದಲಿಸುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ ಒಟ್ಟಾರೆ ನೂರಕ್ಕೆ 40ರ ಆಸುಪಾಸು ಜನಕ್ಕೆ ಸೀಟು ಸಿಗುತ್ತದೆ. ಅಲ್ಲೇ ಕಂಪ್ಯೂಟರ್ ಸೈನ್ಸ್‌ಗೆ 10ಕ್ಕಿಂತ ಕಡಿಮೆ. ನವೆಂಬರ್‌ನಲ್ಲೇ ಹಾಕುವ ‘ಅರ್ಲಿ ಡಿಸಿಷನ್’ ಅರ್ಜಿಗೆ ಅಂಕಿ ಚೆನ್ನಾಗಿ ಕಾಣುತ್ತದೆ. ಕರೆಸಿಕೊಂಡ ಆಟಗಾರರೂ ಬಹಳಷ್ಟು ಜನ ಆ ಗುಂಪಿನಲ್ಲೇ ಇರುತ್ತಾರೆ, ಹಾಗಾಗಿ ಕಂಡಷ್ಟು ಲಾಭ ಇಲ್ಲ. ಸಿಕ್ಕರೆ ಹೋಗಲೇಬೇಕು ಅನ್ನುವ ಕಟ್ಟು ಬೇರೆ. ಬೇರೆ ಕಾಲೇಜು ಎಷ್ಟು ಸಹಾಯ ಕೊಡುತ್ತಿತ್ತು ಅಂತ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ.

ಹಸಿರು ಖಾನೆಯ ತಂದೆಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. 20 ಹೆಸರುಗಳ ಮುಂದೆ 20 ಸಲ ‘ಕಷ್ಟ’ ಅಂತ ಟೈಪ್ ಮಾಡಿದೆ. ಅವರು ಸುಮ್ಮನಿದ್ದರು. ನಾನು ಹುಡುಗನ ಕಡೆ ತಿರುಗಿ ಏನು ಓದಬೇಕು ಅಂತಿದ್ದೀಯಾ ಅಂದೆ. ತಂದೆ ಬಾಯಿ ತೆರೆದರು, ಆದರೆ ಹುಡುಗ ಮೊದಲು ಮಾತಾಡಿದ.

“ಹೈಡ್ರಾಲಜಿ. ನೆಲದೊಳಗಿನ ನೀರು.”

“ಕಂಪ್ಯೂಟರ್ ಸೈನ್ಸ್ ಅಂದ್ಕೊಂಡಿದ್ನಲ್ಲೋ,” ಅಂದರು ತಂದೆ.

ಅರಿಜೋನಾ ವಿಶ್ವವಿದ್ಯಾಲಯ ಹೈಡ್ರಾಲಜಿಗೆ ದೊಡ್ಡ ಹೆಸರು. ಹುಡುಗನಿಗೆ ಅದು ಗೊತ್ತಿತ್ತು. ಅಲ್ಲಿನ ಕೋರ್ಸುಗಳ ಹೆಸರೂ ಗೊತ್ತಿತ್ತು. ತಂದೆ ಫೋನಿನಲ್ಲಿ ಹುಡುಕಿದರು. ನೂರಕ್ಕೆ 80ಕ್ಕಿಂತ ಜಾಸ್ತಿ ಜನಕ್ಕೆ ಸೀಟು.

“ಇಷ್ಟು ಸುಲಭಾನಾ ಮೇಡಂ? ಏನಾದ್ರೂ ತೊಂದ್ರೆ ಇರುತ್ತಾ?”

“ಫೀಸು ನೋಡ್ಕೊಬೇಕು. ಅದು ಬಿಟ್ಟರೆ ಸಿಗುತ್ತೆ.”

ಅವರು ಶೀಟಿನ ಕೊನೆಗೆ ಹೋಗಿ 21ನೇ ಸಾಲಿನಲ್ಲಿ ಆ ಹೆಸರು ಬರೆದರು. ಆಮೇಲೆ 20ರ ಮಿತಿ ನೆನಪಾಯಿತು. ಮೌಸ್ ಹಿಡಿದುಕೊಂಡು ಸ್ವಲ್ಪ ಹೊತ್ತು ಮೇಲಿಂದ ಕೆಳಗೆ ನೋಡಿದರು. ಲ್ಯಾಪ್‌ಟಾಪನ್ನು ಮಗನ ಕಡೆಗೆ ತಿರುಗಿಸಿದರು.

“ಯಾವ್ದು ತೆಗೀಲಿ, ನೀನೇ ಹೇಳು.”

ಹುಡುಗ ಬ್ಯಾಗು ಕೆಳಗಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡ.