ನೆಟ್ ಸ್ಪೀಡ್ ಜಾಸ್ತಿಯಿದ್ದರೂ ಲೈವ್ ಕ್ಲಾಸ್ ತಡವರಿಸುವುದೇಕೆ?

ರೆಕಾರ್ಡ್ ಮಾಡಿಟ್ಟ ಪಾಠ ಎಲ್ಲೂ ನಿಲ್ಲದೆ ಓಡುತ್ತದೆ. ಅದೇ ನೆಟ್‌ನಲ್ಲಿ ಅದೇ ಮೇಷ್ಟ್ರ ಲೈವ್ ಕ್ಲಾಸಿಗೆ ಹೋದರೆ ಮಾತು ತುಂಡು ತುಂಡು. ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಪ್ರಶ್ನೆ ಕೇಳಲು ಹೋದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಸ್ಪೀಡ್ ಟೆಸ್ಟ್ ಮಾಡಿ ನೋಡಿದರೆ ಮಾತ್ರ 100 ಎಂಬಿಪಿಎಸ್!

ಆ 100 ಸುಳ್ಳಲ್ಲ. ಲೈವ್ ಕ್ಲಾಸಿಗೆ ಮುಖ್ಯವಾಗಿ ಬೇಕಾದದ್ದನ್ನು ಅದು ಅಳೆಯುವುದಿಲ್ಲ, ಅಷ್ಟೇ.

ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಬಿಟ್ ಎಂದರೆ ಒಂದು 0 ಅಥವಾ ಒಂದು 1. ಅಂಥ 8 ಬಿಟ್ ಸೇರಿದರೆ ಒಂದು ಬೈಟ್. ಫೈಲುಗಳ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ, ನೆಟ್‌ನ ವೇಗವನ್ನು ಬಿಟ್‌ನಲ್ಲಿ. ಹಾಗಾಗಿ 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. 500 ಮೆಗಾಬೈಟ್‌ನ ಪಾಠ ಇಳಿಯಲು 5 ಸೆಕೆಂಡಲ್ಲ, 40 ಸೆಕೆಂಡು ಬೇಕು. ನೆಟ್‌ವರ್ಕ್‌ನವರು ಮೊದಲಿನಿಂದಲೂ ಬಿಟ್‌ನಲ್ಲೇ ಎಣಿಸುತ್ತಾ ಬಂದವರು. ಜಾಹೀರಾತಿನಲ್ಲಿ ಸಂಖ್ಯೆ ದೊಡ್ಡದಾಗಿ ಕಾಣುವುದು ಅವರಿಗೆ ಸಿಕ್ಕ ಲಾಭ.

ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಬಹುದು ಎಂಬುದು ಬ್ಯಾಂಡ್‌ವಿಡ್ತ್. ಹೊರಟ ಒಂದು ತುಣುಕು ಆ ಕಡೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಲೇಟೆನ್ಸಿ. ಇದನ್ನು ಮಿಲಿಸೆಕೆಂಡ್‌ನಲ್ಲಿ, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದರ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚೆನ್ನಾಗಿದ್ದ ಮಾತ್ರಕ್ಕೆ ಇನ್ನೊಂದು ಚೆನ್ನಾಗಿರಬೇಕಿಲ್ಲ. ಒಂದು ಟೆರಾಬೈಟ್‌ನ ಮೆಮೊರಿ ಕಾರ್ಡನ್ನು ಜೇಬಿನಲ್ಲಿ ಹಾಕಿಕೊಂಡು ಒಂದು ಗಂಟೆ ನಡೆದು ಗೆಳೆಯನಿಗೆ ಕೊಟ್ಟುಬನ್ನಿ. ಲೆಕ್ಕ ಹಾಕಿದರೆ 2,200 ಎಂಬಿಪಿಎಸ್‌ಗೂ ಜಾಸ್ತಿ! ಆದರೆ ಇದೇ ದಾರಿಯಲ್ಲಿ "ಕೇಳಿಸ್ತಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬರಲು ಎರಡು ಗಂಟೆ ಬೇಕು.

ಬ್ಯಾಂಡ್‌ವಿಡ್ತ್ ಸಾಲದಿದ್ದರೆ ದುಡ್ಡು ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಲೇಟೆನ್ಸಿಯ ಒಂದು ಭಾಗಕ್ಕೆ ದುಡ್ಡು ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಬೆಳಕಿನ ವೇಗವೇ ಅಡ್ಡ ನಿಂತಿದೆ. ಫೈಬರ್ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿಬರಲು 100 ಮಿಲಿಸೆಕೆಂಡ್ ಬೇಕೇ ಬೇಕು. ಭೂಸ್ಥಿರ ಉಪಗ್ರಹದ ಮೂಲಕವಾದರೆ ಇನ್ನೂ ಕಷ್ಟ. ಅದು ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ. ಅಷ್ಟರಲ್ಲಿ ಅರ್ಧ ಸೆಕೆಂಡು ಹೆಚ್ಚುಕಡಿಮೆ ಮುಗಿದಿರುತ್ತದೆ. ಮಾತುಕತೆ ಸಲೀಸಾಗಿ ನಡೆಯಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಇದು ದಾಟಿತೆಂದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ಶುರುವಾಗುತ್ತದೆ.

ವಿಳಂಬ ಸದಾ ಒಂದೇ ಸಮ ಇದ್ದರೂ ಹೇಗೋ ಹೊಂದಿಕೊಳ್ಳಬಹುದಿತ್ತು. ಆದರೆ ನೆಟ್‌ನಲ್ಲಿ ಮಾತು ನೂಲಿನಂತೆ ಒಂದೇ ಎಳೆಯಾಗಿ ಹೋಗುವುದಿಲ್ಲ. ಅದನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಈ ಉಪಾಯಕ್ಕೆ ಬಂದರು. ಒಂದು ಪ್ಯಾಕೆಟ್‌ನ ಗಾತ್ರ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟ್. 100 ಎಂಬಿಪಿಎಸ್ ಪೂರ್ತಿ ಬಳಕೆಯಾದರೆ ಸೆಕೆಂಡಿಗೆ 8,000ಕ್ಕೂ ಹೆಚ್ಚು ಪ್ಯಾಕೆಟ್ ಓಡುತ್ತವೆ. ದಾರಿಯಲ್ಲಿ ಸಿಗುವ ಪ್ರತಿ ರೌಟರ್ ಪ್ಯಾಕೆಟ್‌ನ ಮೇಲಿನ ವಿಳಾಸ ನೋಡಿ ಮುಂದಕ್ಕೆ ದಾಟಿಸುತ್ತದೆ. ಆ ವಿಳಾಸವೇ ಐಪಿ ಅಡ್ರೆಸ್. ರೌಟರ್‌ನಲ್ಲಿ ಸಾಲು ಉದ್ದವಿದ್ದರೆ ಪ್ಯಾಕೆಟ್ ಕಾಯಬೇಕು. ಜಾಗವೇ ಇಲ್ಲದಿದ್ದರೆ ಅದನ್ನು ಕೈಬಿಡಲಾಗುತ್ತದೆ. ಒಂದು 30 ಮಿಲಿಸೆಕೆಂಡಿಗೆ ಬಂದು, ಮುಂದಿನದು 90ಕ್ಕೆ ಬಂದರೆ ಆ ಏರುಪೇರಿಗೆ ಜಿಟರ್ ಎನ್ನುತ್ತಾರೆ. ಬಾರದೇ ಹೋದರೆ ಪ್ಯಾಕೆಟ್ ಲಾಸ್. ಮಾತು ಗೊಗ್ಗರಾಗುವುದು, ಮುಖ ಒಡೆಯುವುದು ಬಹಳ ಸಲ ಈ ಎರಡರ ಕೆಲಸ.

ಕಳೆದುಹೋದ ಪ್ಯಾಕೆಟ್ ಅನ್ನು ಮತ್ತೆ ತರಿಸಿಕೊಳ್ಳಬಹುದಲ್ವಾ? ತರಿಸಿಕೊಳ್ಳಬಹುದು. ಅದಕ್ಕಿರುವ ಹಳೆಯ, ಗಟ್ಟಿ ವಿಧಾನ ಟಿಸಿಪಿ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಇದರ ರೂಪರೇಖೆ ಪ್ರಕಟಿಸಿದರು. ಪ್ರತಿ ತುಂಡಿಗೂ ಲೆಕ್ಕ ಇಡುವುದು, ಬಂದದ್ದಕ್ಕೆ ರಸೀದಿ ಪಡೆಯುವುದು, ಬಾರದ್ದನ್ನು ಮತ್ತೆ ಕಳಿಸುವುದು ಅದರ ರೀತಿ. ಯುಡಿಪಿ ಎಂಬ ಇನ್ನೊಂದು ವಿಧಾನ 1980ರಲ್ಲಿ ಬಂತು. ಅದು ಕಳಿಸಿ ಸುಮ್ನೆ ಇದ್ದುಬಿಡುತ್ತದೆ, ಸಿಕ್ಕಿತೋ ಇಲ್ಲವೋ ವಿಚಾರಿಸುವುದಿಲ್ಲ. ಕೇಳಲು ಬೇಜವಾಬ್ದಾರಿ ಎನಿಸಿದರೂ ಲೈವ್ ಮಾತಿಗೆ ಇದೇ ಸರಿ. ಅರ್ಧ ಸೆಕೆಂಡು ಹಿಂದೆ ಕಳೆದುಹೋದ ಒಂದು ಅಕ್ಷರ ಈಗ ಬಂದು ಏನಾಗಬೇಕಾಗಿದೆ? ಮಾತು ಆಗಲೇ ಮುಂದೆ ಹೋಗಿರುತ್ತದೆ.

ರೆಕಾರ್ಡ್ ಪಾಠಕ್ಕೆ ಈ ಅವಸರವಿಲ್ಲ. ನೀವು ಮೊದಲ ನಿಮಿಷ ನೋಡುತ್ತಿರುವಾಗ ಮುಂದಿನ ಭಾಗ ಫೋನಿಗೆ ಬಂದು ಕೂತಿರುತ್ತದೆ. ಹೀಗೆ ಕೂಡಿಟ್ಟದ್ದು ಬಫರ್. ನಡುವೆ ನೆಟ್ ಕೆಲವು ಸೆಕೆಂಡು ಹೋದರೂ ನಿಮಗೆ ಗೊತ್ತಾಗುವುದಿಲ್ಲ. ಜೊತೆಗೆ ಸರ್ವರ್‌ನಲ್ಲಿ ಒಂದೇ ವಿಡಿಯೊವನ್ನು ಹಲವು ಗುಣಮಟ್ಟದಲ್ಲಿ, ಕೆಲವೇ ಸೆಕೆಂಡುಗಳ ಚೂರುಗಳಾಗಿ ಇಟ್ಟಿರುತ್ತಾರೆ. ನೆಟ್ ನಿಧಾನವಾದರೆ ಮುಂದಿನ ಚೂರನ್ನು ಕಡಿಮೆ ಗುಣಮಟ್ಟದ್ದರಿಂದ ತೆಗೆದುಕೊಂಡರಾಯಿತು. ಲೈವ್‌ನಲ್ಲೂ ಬಫರ್ ಇದೆ, ಆದರೆ ತೀರಾ ಚಿಕ್ಕದು. ದೊಡ್ಡದು ಮಾಡಿದರೆ ಮಾತು ಸ್ಪಷ್ಟವಾಗುತ್ತದೆ, ತಡವಾಗಿಯೂ ಬರುತ್ತದೆ.

ಇಷ್ಟು ತಿಳಿದ ಮೇಲೂ ಸಮುದ್ರದಡಿಯ ಕೇಬಲನ್ನು ಬೈಯುವ ಮೊದಲು ಮನೆಯೊಳಗೆ ನೋಡಿ. ವೈಫೈ ಬೇರೆ, ಇಂಟರ್ನೆಟ್ ಬೇರೆ. ನಿಮ್ಮ ಫೋನಿನಿಂದ ರೌಟರ್‌ವರೆಗಿನ ರೇಡಿಯೊ ದಾರಿ ಮಾತ್ರ ವೈಫೈ. ಅಲ್ಲಿ ಒಂದು ಚಾನೆಲ್ಲನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ನಡುವೆ ಎರಡು ಗೋಡೆ ಬಂದರೆ ಸಿಗ್ನಲ್ ಸೊರಗುತ್ತದೆ. ಇನ್ನೊಂದು ಮರೆಯ ಕಳ್ಳ ಅಪ್‌ಲೋಡ್. ಅನೇಕ ಸಂಪರ್ಕಗಳಲ್ಲಿ ಇಳಿಸುವ ಬ್ಯಾಂಡ್‌ವಿಡ್ತ್‌ಗಿಂತ ಏರಿಸುವುದು ತುಂಬ ಕಡಿಮೆ. ಯಾವುದೋ ಫೋನು ತನ್ನ ಪಾಡಿಗೆ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದ್ದರೆ ನಿಮ್ಮ ಮಾತಿನ ಪ್ಯಾಕೆಟ್‌ಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ.

ಇದನ್ನು ಪತ್ತೆಹಚ್ಚಲು ಪಿಂಗ್ ಎಂಬ ಸಣ್ಣ ಕಮಾಂಡ್ ಸಾಕು. ಮೈಕ್ ಮೂಸ್ 1983ರಲ್ಲಿ ಬರೆದದ್ದು, ಇಂದಿಗೂ ಕಂಪ್ಯೂಟರುಗಳಲ್ಲಿದೆ. ಒಂದು ಪ್ಯಾಕೆಟ್ ಹೋಗಿಬರುವ ಸಮಯವನ್ನು ಅದು ತೋರಿಸುತ್ತದೆ. ಮೊದಲು ನಿಮ್ಮ ರೌಟರ್‌ಗೆ ಪಿಂಗ್ ಮಾಡಿ, ಆಮೇಲೆ ಹೊರಗಿನ ಒಂದು ಸರ್ವರ್‌ಗೆ. ರೌಟರ್‌ಗೇ ಸಂಖ್ಯೆ ಎದ್ದುಬಿದ್ದು ಕುಣಿಯುತ್ತಿದ್ದರೆ ತೊಂದರೆ ವೈಫೈಯಲ್ಲಿ ಎಂದು ಮೊದಲು ಅನುಮಾನಿಸಿ. ಕೇಬಲ್ ಚುಚ್ಚಿ ನೋಡಿ. ರೌಟರ್ ಸರಿಯಿದ್ದು, ಅಪ್‌ಲೋಡ್ ನಡೆಯುವಾಗ ಮಾತ್ರ ಹೊರಗಿನ ಪಿಂಗ್ ಏರಿದರೆ ಆ ಅಪ್‌ಲೋಡ್ ನಿಲ್ಲಿಸಿ. ಕ್ಯಾಮೆರಾ ಆಫ್ ಮಾಡುವುದೂ ಅಪ್‌ಲೋಡ್‌ನ ಭಾರ ಇಳಿಸುವ ದಾರಿಯೇ. ಮಾತಿಗೆ ಬೇಕಾದ ಬ್ಯಾಂಡ್‌ವಿಡ್ತ್ ವಿಡಿಯೊಗೆ ಬೇಕಾದದ್ದರ ಒಂದು ಚೂರು ಅಷ್ಟೇ.

ಆನ್‌ಲೈನ್ ಕಲಿಕೆಯವರು ಲೈವ್ ಪಾಠವನ್ನು ಸಿಂಕ್ರೊನಸ್ ಎಂದೂ, ಬೇಕಾದಾಗ ನೋಡುವುದನ್ನು ಅಸಿಂಕ್ರೊನಸ್ ಎಂದೂ ಕರೆಯುತ್ತಾರೆ. ದೊಡ್ಡ ಸಂಖ್ಯೆಯಲ್ಲಿ ಜನ ಸೇರುವ ಮೂಕ್ ಕೋರ್ಸುಗಳು ಹೆಚ್ಚಾಗಿ ಎರಡನೆಯ ಬಗೆಯವು. ಪಾಠ, ಅಸೈನ್‌ಮೆಂಟ್, ಅಂಕ ಎಲ್ಲವನ್ನೂ ಇಟ್ಟುಕೊಳ್ಳುವ ತಂತ್ರಾಂಶ ಎಲ್‌ಎಂಎಸ್. 2002ರಲ್ಲಿ ಬಂದ ಮೂಡಲ್ ಅಂಥದ್ದೇ. ಒಂದು ಗಂಟೆ ಒಬ್ಬರೇ ಮಾತಾಡುವ ಪಾಠವನ್ನು ಲೈವ್ ಮಾಡುವುದು ನನಗಂತೂ ದಂಡ ಅನಿಸುತ್ತದೆ. ಕೇಳುವವರು ಯಾರೂ ಬಾಯಿ ಬಿಡದಿದ್ದಾಗ 150 ಮಿಲಿಸೆಕೆಂಡಿಗೆ ಒದ್ದಾಡಿ ಏನು ಬಂತು? ಅದನ್ನು ರೆಕಾರ್ಡ್ ಮಾಡಿ ಮೊದಲೇ ಕೊಡಲಿ. ಲೈವ್ ಹೊತ್ತನ್ನು ಪ್ರಶ್ನೆಗಳಿಗೆ ಇಟ್ಟುಕೊಳ್ಳಲಿ.

ಆಗಲೂ ಮೈಕ್ ಕೈಕೊಟ್ಟರೆ ಚಾಟ್ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಹಾಗಿದ್ದೂ ನಾಲ್ಕೈದು ಸಾಲಿನ ಪ್ರಶ್ನೆಯೊಂದು ಒಂದೇ ಪ್ಯಾಕೆಟ್‌ನಲ್ಲಿ ಹಿಡಿಸುತ್ತದೆ. ಅದು ಒಂದು ಸೆಕೆಂಡು ತಡವಾಗಿ ಬಂದರೂ ಯಾರಿಗೂ ತೊಂದರೆಯಿಲ್ಲ.