ಲೂಟ್ ಡ್ರಾಪ್‌ನಲ್ಲಿ ಅದೃಷ್ಟ ಎಷ್ಟು, ಕೋಷ್ಟಕ ಎಷ್ಟು?

ವಿಡಿಯೊ ಗೇಮಿನಲ್ಲಿ ಶತ್ರುವನ್ನು ಕೊಂದಾಗ ಬೀಳುವ ವಸ್ತುವೇ ಲೂಟ್ ಡ್ರಾಪ್. ಶೇ 1ರ ಡ್ರಾಪ್ ರೇಟ್ (ಬೀಳುವ ಸಂಭವ) ಇರುವ ಕತ್ತಿಗಾಗಿ ಒಂದೇ ಬಾಸನ್ನು (ಬಲಿಷ್ಠ ಶತ್ರುವನ್ನು) 100 ಸಲ ಹೊಡೆದರೆ ಕತ್ತಿ ಸಿಕ್ಕೇ ಸಿಗುತ್ತದೆ ಎಂದು ಬಹಳಷ್ಟು ಆಟಗಾರರು ಎಣಿಸಿಕೊಂಡಿರುತ್ತಾರೆ. ಒಂದು ಸಲ ಸಿಗದಿರುವ ಸಂಭವ 0.99. ಅದನ್ನೇ 100 ಸಲ ಗುಣಿಸುತ್ತ ಹೋದರೆ 0.366 ಉಳಿಯುತ್ತದೆ. ನೂರು ಸಲ ಹೊಡೆದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಬರಿಗೈಯಲ್ಲೇ ಇರುತ್ತಾರೆ. 300 ಸಲಕ್ಕೂ ಶೇ 4.9 ಮಂದಿಗೆ ಸಿಕ್ಕಿರುವುದಿಲ್ಲ. ಲಕ್ಷ ಜನ ಆಡುವ ಆಟದಲ್ಲಿ ಅವರ ಸಂಖ್ಯೆ 4,900. ಮೊದಲ ಏಟಿಗೇ ಕತ್ತಿ ಸಿಕ್ಕವರು ಸುಮ್ಮನಿರುತ್ತಾರೆ, ಈ 4,900 ಮಂದಿ ದೂರುತ್ತಾರೆ. ‘ಆಟ ನನಗೆ ಮೋಸ ಮಾಡುತ್ತಿದೆ’ ಎಂಬ ಮಾತಿನ ಬಹುಪಾಲು ಹುಟ್ಟುವುದು ಇಲ್ಲಿ.

ಹಾಗೆಂದು ಆಟಗಾರರ ಅನುಮಾನವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. ಕಳೆದ 25 ವರ್ಷಗಳಲ್ಲಿ ಅದು ನಿಜವಾದದ್ದೂ ಉಂಟು.

ಬಾಸ್ ಸತ್ತ ಕ್ಷಣ ಸರ್ವರ್ ಒಂದು ಸೂತ್ರದಿಂದ ಸಂಖ್ಯೆಯೊಂದನ್ನು ತೆಗೆಯುತ್ತದೆ. ಆ ಸಂಖ್ಯೆ ಡ್ರಾಪ್ ಕೋಷ್ಟಕದ, ಅಂದರೆ ಯಾವ ವಸ್ತುವಿಗೆ ಎಷ್ಟು ಸಂಭವ ಎಂಬ ಪಟ್ಟಿಯ, ಯಾವ ಸಾಲಿಗೆ ಬೀಳುತ್ತದೆಂದು ನೋಡುತ್ತದೆ. ಆಮೇಲೆ ಆಟಗಾರರ ಸಂಖ್ಯೆ, ಮಟ್ಟ ಮುಂತಾದ ತಿದ್ದುಪಡಿಗಳು ಸೇರಿಕೊಳ್ಳುತ್ತವೆ. ಸಂಖ್ಯೆ ಹುಟ್ಟಿಸುವ ಕೆಲಸ ಬಹಳ ಹಿಂದೆಯೇ ಚೆನ್ನಾಗಿ ಬಗೆಹರಿದಿದೆ: 1998ರಲ್ಲಿ ಪ್ರಕಟವಾದ ಮರ್ಸೆನ್ ಟ್ವಿಸ್ಟರ್ ಸೂತ್ರದ ಸರಣಿ ಮೊದಲಿಗೆ ಮರಳಲು 2ರ ಘಾತ 19937ರಷ್ಟು ಸಂಖ್ಯೆಗಳು ದಾಟಬೇಕು. ಗೋಲ್‌ಮಾಲ್ ಆಗುವುದಿದ್ದರೆ ಅದರ ಆಚೀಚೆ. ಸೂತ್ರವನ್ನು ಶುರು ಮಾಡುವ ಸಂಖ್ಯೆಯಾದ ಸೀಡ್‌ನಲ್ಲಿ, ಕೋಷ್ಟಕದಲ್ಲಿ, ಇಲ್ಲವೇ ಒಂದು ಸಂಖ್ಯೆ ಇನ್ನೊಂದಕ್ಕೆ ಗಂಟುಬೀಳುವಲ್ಲಿ.

ಸೀಡ್ ಕೆಟ್ಟರೆ ಏನಾಗುತ್ತದೆ ಎಂಬುದನ್ನು 1999ರಲ್ಲಿ ಪ್ಲಾನೆಟ್‌ಪೋಕರ್ ಎಂಬ ಆನ್‌ಲೈನ್ ಇಸ್ಪೀಟು ತಾಣ ತೋರಿಸಿಕೊಟ್ಟಿತು. ಎಲೆ ಕಲೆಸುವ ಪ್ರೋಗ್ರಾಮಿನ ಸೀಡ್, ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳ ಲೆಕ್ಕವಾಗಿತ್ತು. ದಿನಕ್ಕೆ ಮಿಲಿಸೆಕೆಂಡುಗಳು 8 ಕೋಟಿ 64 ಲಕ್ಷ ಮಾತ್ರ. ಹಾಗಾಗಿ ಸಾಧ್ಯವಿದ್ದ ಕಟ್ಟುಗಳೂ ಅಷ್ಟೇ. ಸರ್ವರ್ ಗಡಿಯಾರಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಂಡ ಸಂಶೋಧಕರು ಅದನ್ನು ಸುಮಾರು 2 ಲಕ್ಷಕ್ಕೆ ಇಳಿಸಿದರು. ಕಣ್ಣಿಗೆ ಕಂಡ ಐದು ಎಲೆಗಳಿಂದ ಎಲ್ಲರ ಕೈಯಲ್ಲಿರುವುದನ್ನೂ ಹೇಳಬಹುದಾಗಿತ್ತು.

ಕೋಷ್ಟಕದ ಕಥೆ ಬೇರೆ. 2000ದ ಫ್ಯಾಂಟಸಿ ಸ್ಟಾರ್ ಆನ್‌ಲೈನ್‌ನಲ್ಲಿ ‘ಕೆಲವು ಪಾತ್ರಗಳಿಗೆ ಕೆಲವು ವಸ್ತು ಬೀಳುವುದೇ ಇಲ್ಲ’ ಎಂಬುದು ಅಕ್ಷರಶಃ ಸತ್ಯವಾಗಿತ್ತು. ಪಾತ್ರಕ್ಕಿಟ್ಟ ಹೆಸರಿನ ಅಕ್ಷರಗಳ ಮೌಲ್ಯ ಕೂಡಿಸಿ 10 ಸೆಕ್ಷನ್ ಐಡಿಗಳಲ್ಲಿ ಒಂದನ್ನು ಆಟ ಕೊಡುತ್ತಿತ್ತು. ಒಂದೊಂದಕ್ಕೂ ಅಪರೂಪದ ವಸ್ತುಗಳ ಕೋಷ್ಟಕ ಬೇರೆ. ತಂಡವಾಗಿ ಆಡಿದರೆ ನಾಯಕನ ಐಡಿಯೇ ಲೆಕ್ಕ. ಅದೇ ವರ್ಷದ ಡಯಾಬ್ಲೊ 2ರಲ್ಲಿ ‘ಏನೂ ಬೀಳದಿರುವುದು’ ಎಂಬುದೇ ಕೋಷ್ಟಕದ ಒಂದು ಸಾಲಾಗಿತ್ತು. ಗೇಮಿನಲ್ಲಿ ಜನ ಹೆಚ್ಚಿದಂತೆ, 8ರ ಮಿತಿಯವರೆಗೆ, ಆ ಸಾಲಿನ ತೂಕ ಇಳಿಯುತ್ತಿತ್ತು.

ಸತತ ದುರದೃಷ್ಟಕ್ಕೆ ಆಟಗಾರರು ಬೇಸತ್ತು ಹೋಗುತ್ತಾರೆಂದು ತಯಾರಕರು ಕ್ರಮೇಣ ಸಂಭವವನ್ನೇ ಬಗ್ಗಿಸತೊಡಗಿದರು. ಡ್ರಾಪ್‌ಗೆ ಮೊದಲು ಇದು ಯುದ್ಧದ ಲೆಕ್ಕದಲ್ಲಿ ಕಂಡಿತು. ವಾರ್‌ಕ್ರಾಫ್ಟ್ 3ರಿಂದ ಡೋಟಾ 2ಕ್ಕೆ ಬಂದ ಪದ್ಧತಿಯಲ್ಲಿ, ಶೇ 25 ಎಂದು ಬರೆದಿರುವ ಶಕ್ತಿಗೆ ಮೊದಲ ಹೊಡೆತದಲ್ಲಿ ಸಿಗುವುದು ಶೇ 8.5 ಮಾತ್ರ. ತಪ್ಪಿದಂತೆಲ್ಲ ಇನ್ನೂ 8.5 ಸೇರುತ್ತ ಹನ್ನೆರಡನೆಯದಕ್ಕೆ ಖಚಿತವಾಗುತ್ತದೆ. ಒಟ್ಟು ಸರಾಸರಿ ಶೇ 25 ಬಂದೇ ಬರುತ್ತದೆ. ಗೆನ್ಶಿನ್ ಇಂಪ್ಯಾಕ್ಟ್‌ನ ‘ಪಿಟಿ’ಯೂ (ಕನಿಕರ) ಇದರ ಬಂಧುವೇ: ಅತಿ ಅಪರೂಪದ ಐದು ತಾರೆಯ ಪಾತ್ರಕ್ಕೆ ಮೂಲ ಸಂಭವ ಶೇ 0.6, 90ನೇ ಸಲಕ್ಕೆ ಖಚಿತ, ಎಲ್ಲ ಸೇರಿಸಿದರೆ ಶೇ 1.6. ಮುಂಚೆಯೇ ಹೇಳಿ ಮಾಡಿದರೆ ಇದರಲ್ಲಿ ದೋಷವೇನೂ ಇಲ್ಲ.

ಹೇಳದೆ ಮಾಡಿದ್ದಕ್ಕೆ ಅತಿ ದೊಡ್ಡ ನಿದರ್ಶನ ದಕ್ಷಿಣ ಕೊರಿಯಾದ ಮೇಪಲ್‌ಸ್ಟೋರಿ. ನೆಕ್ಸಾನ್ ಕಂಪನಿ 2010ರ ಮೇಯಲ್ಲಿ ‘ಕ್ಯೂಬ್’ ಎಂಬ ವಸ್ತುವನ್ನು ಮಾರಾಟಕ್ಕಿಟ್ಟಿತು. ಅದನ್ನು ಬಳಸಿದರೆ ಆಯುಧದ ಮೇಲಿನ ಮೂರು ಗುಣಗಳು ಹೊಸದಾಗಿ ಬೀಳುತ್ತವೆ. ಅದೇ ಸೆಪ್ಟೆಂಬರ್‌ನಲ್ಲಿ ಬೇಡಿಕೆಯ ಗುಣಗಳ ಸಂಭವವನ್ನು ಸದ್ದಿಲ್ಲದೆ ಇಳಿಸಲಾಯಿತು. 2011ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ, ಮೂರೂ ಸಾಲಿನಲ್ಲಿ ‘ಬಾಸ್ ಮೇಲಿನ ಹಾನಿ’ ಬರುವಂಥ ಕೆಲವು ಜನಪ್ರಿಯ ಜೋಡಣೆಗಳ ಸಂಭವ ಸೊನ್ನೆಯಾಗಿತ್ತು. ಕಡಿಮೆ ಎಂದಲ್ಲ, ಸೊನ್ನೆ. ಬೀಳುವ ಸಾಧ್ಯತೆಯೇ ಇಲ್ಲದ್ದಕ್ಕೆ ಜನ ಸುಮಾರು ಹತ್ತು ವರ್ಷ ದುಡ್ಡು ಸುರಿದರು. ಏನೂ ಬದಲಾಗಿಲ್ಲವೆಂದು ಕಂಪನಿ ಪ್ರಕಟಣೆಯನ್ನೂ ಕೊಟ್ಟಿತ್ತು. 2021ರಲ್ಲಿ ಬೇರೊಂದು ವಸ್ತುವಿನ ಸಂಭವವನ್ನು ‘ಸಮಾನಗೊಳಿಸಲಾಗುವುದು’ ಎಂದು ನೆಕ್ಸಾನ್ ಬರೆದಾಗ, ಹಾಗಾದರೆ ಇಷ್ಟು ದಿನ ಸಮಾನವಾಗಿರಲಿಲ್ಲವೇ ಎಂದು ಆಟಗಾರರು ಕೇಳಿದರು. ಪ್ರತಿಭಟನಾ ಫಲಕ ಹೊತ್ತ ಟ್ರಕ್ಕುಗಳನ್ನು ಕಂಪನಿಯ ಕಚೇರಿಯೆದುರು ನಿಲ್ಲಿಸಿದರು. 2024ರ ಜನವರಿಯಲ್ಲಿ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಮಾರ್ಚ್ 22ರಿಂದ ಸಂಭವ ಪ್ರಕಟಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಯಿತು. ಚೀನಾ ಇಂಥ ನಿಯಮವನ್ನು 2017ರ ಮೇ 1ರಿಂದಲೇ ತಂದಿತ್ತು. ಆ್ಯಪ್ ಸ್ಟೋರ್‌ಗೆ ಆ್ಯಪಲ್ ಅದೇ ಡಿಸೆಂಬರ್‌ನಲ್ಲಿ ತಂದಿತು.

ಕಂಪನಿಗೇ ಗೊತ್ತಿಲ್ಲದೆ ತಪ್ಪಾಗುವುದೂ ಉಂಟು. 2024ರ ಶರತ್ಕಾಲದಲ್ಲಿ ಡೆಸ್ಟಿನಿ 2 ಆಟಗಾರರು, ಬಂದೂಕುಗಳ ಮೇಲೆ ಎಲ್ಲರೂ ಬಯಸುವ ಕೆಲವು ಪರ್ಕ್ (ವಿಶೇಷ ಗುಣ) ಜೋಡಿಗಳು ಲೆಕ್ಕಕ್ಕಿಂತ ಬಹಳ ಕಡಿಮೆ ಬೀಳುತ್ತಿವೆ ಎಂದರು. ಬಂದೂಕಿಗೆ ಎರಡು ಕಂಬಗಳಿಂದ (ಪಟ್ಟಿಗಳಿಂದ) ಒಂದೊಂದು ಪರ್ಕ್ ಬೀಳುತ್ತದೆ; ಅವುಗಳಲ್ಲಿ ಏಳೇಳು ಪರ್ಕ್‌ಗಳಿದ್ದರೆ 49 ಜೋಡಿಗಳು. ಒಂದೊಂದಕ್ಕೂ ಶೇ 2ರಷ್ಟು ಬರಬೇಕು. ಆಟಗಾರರ ಬಳಿ ಉಳಿದಿರುವ ಬಂದೂಕುಗಳ ದತ್ತಾಂಶ ಹಾಗೆ ಹೇಳುತ್ತಿರಲಿಲ್ಲ. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಒಡೆದುಹಾಕುವುದು ಎಲ್ಲರ ರೂಢಿ, ಆದ್ದರಿಂದ ಉಳಿದವುಗಳಲ್ಲಿ ಒಳ್ಳೆಯ ಜೋಡಿ ಹೆಚ್ಚೇ ಇರಬೇಕಿತ್ತು. ಅದು ಕಡಿಮೆ ಇದ್ದದ್ದೇ ಬಲವಾದ ಪುರಾವೆ. ಉದ್ದೇಶಪೂರ್ವಕ ತೂಕವೇನೂ ಇಲ್ಲ ಎಂದ ತಯಾರಕ ಕಂಪನಿ ಬಂಜಿ, ನವೆಂಬರ್‌ನಲ್ಲಿ ದೋಷವನ್ನು ಒಪ್ಪಿಕೊಂಡಿತು: ಎರಡು ಕಂಬಗಳ ಆಯ್ಕೆ ಪರಸ್ಪರ ಸ್ವತಂತ್ರವಾಗಿರಲಿಲ್ಲ. ಪಟ್ಟಿಯಲ್ಲಿ ಎರಡು ಪರ್ಕ್‌ಗಳ ಸ್ಥಾನಗಳ ನಡುವಿನ ಅಂತರದ ಮೇಲೆ ಜೋಡಿಯ ಸಂಭವ ಏರುಪೇರಾಗುತ್ತಿತ್ತು. ಒಂದೊಂದೇ ಕಂಬವನ್ನು ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ.

ಕೊರಿಯಾದ ಕಾನೂನು ಹಣ ಕೊಟ್ಟು ಪಡೆಯುವ ವಸ್ತುಗಳಿಗಷ್ಟೇ ಅನ್ವಯಿಸುತ್ತದೆ. ಬಾಸ್ ಕೊಂದು ಬಿಟ್ಟಿಯಾಗಿ ಪಡೆಯುವ ಡ್ರಾಪ್‌ಗೆ ಆಟಗಾರರ ಎಣಿಕೆಯೇ ಗತಿ. ಎಣಿಸುವವರು ಆರಂಭಿಸುವ ಮೊದಲೇ ಎಷ್ಟು ಸಲ ಎಂದು ನಿಗದಿ ಮಾಡಿಕೊಳ್ಳಬೇಕು. ವಸ್ತು ಸಿಕ್ಕ ಕೂಡಲೇ ನಿಲ್ಲಿಸಿದರೆ ಲೆಕ್ಕ ಕೆಡುತ್ತದೆ. ಏನೂ ಬೀಳದ ಸಲಗಳನ್ನೂ ಬರೆಯಬೇಕು. ಪ್ಯಾಚ್ (ಆಟಕ್ಕೆ ಕಂಪನಿ ಮಾಡುವ ತಿದ್ದುಪಡಿ) ಬಂದರೆ ಹೊಸ ಹಾಳೆ. ಒಂದು ವಸ್ತು ಒಮ್ಮೆಯೂ ಬೀಳದಿದ್ದರೆ 3ನ್ನು ಒಟ್ಟು ಸಲಗಳಿಂದ ಭಾಗಿಸಿ: 3,000 ಸಲಕ್ಕೆ ಸೊನ್ನೆ ಬಂದರೆ, ಶೇ 95ರ ಭರವಸೆಯಿಂದ ಅದರ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎನ್ನಬಹುದು. ಒಬ್ಬರಿಗೆ 3,000 ಸಲ ಕಷ್ಟ, ಒಂದೇ ಹಾಳೆಗೆ ಬರೆಯುವ 30 ಮಂದಿಗೆ ತಲಾ 100 ಸಲ.